ಆರು ಜನರ ಟೇಬಲ್: ನನ್ನ ಹ್ಯಾಂಡ್ ಚಾರ್ಟ್ ತಯಾರಾದ ಬಗೆ

ಪೋಕರ್ ಟೇಬಲ್‌ನಲ್ಲಿ ಸುಮ್ನೆ ಕೂರುವುದಕ್ಕೂ ಬಾಡಿಗೆ ಕಟ್ಟಬೇಕು. ಒಂದು ಸುತ್ತು ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಒಂದು ಬಿಗ್ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಕಡ್ಡಾಯವಾಗಿ ಇಡುವ ದುಡ್ಡು), ಅದರ ಅರ್ಧದಷ್ಟು ಸ್ಮಾಲ್ ಬ್ಲೈಂಡ್ ಹಾಕಿರುತ್ತಾರೆ. ಒಟ್ಟು ಒಂದೂವರೆ. ಒಂಬತ್ತು ಜನ ಇದ್ದರೆ ಈ ಒಂದೂವರೆ ಒಂಬತ್ತು ಹ್ಯಾಂಡ್‌ಗೆ, ಅಂದರೆ ಒಂಬತ್ತು ಸಲ ಎಲೆ ಹಂಚುವುದಕ್ಕೆ, ಹಂಚಿಹೋಗುತ್ತದೆ. ಆರು ಜನ ಇದ್ದರೆ ಆರಕ್ಕೇ. ಏನೂ ಆಡದೆ ಎಲೆ ಎಸೆಯುತ್ತಾ ಕೂತವನಿಗೆ ನೂರು ಹ್ಯಾಂಡ್ ಕಳೆಯುವಷ್ಟರಲ್ಲಿ ಒಂಬತ್ತರ ಟೇಬಲ್‌ನಲ್ಲಿ ಸುಮಾರು 17 ಬಿಗ್ ಬ್ಲೈಂಡ್ ಹೋಗುತ್ತದೆ. ಆರರ ಟೇಬಲ್‌ನಲ್ಲಿ 25. ಒಳ್ಳೆಯ ಎಲೆ ಬರಲಿ ಅಂತ ಕಾಯುವ ಆಟ ಇಲ್ಲಿ ದುಬಾರಿ ಆಗುವುದು ಇದಕ್ಕೇ.

ನಾನು ಆನ್‌ಲೈನ್‌ನಲ್ಲಿ ಆರು ಜನರ ಟೇಬಲ್‌ಗೆ ಕೂತಿದ್ದು 2022ರಲ್ಲಿ, ಬೆಂಗಳೂರಿನಲ್ಲಿ. ಅದಕ್ಕೆ ಮುಂಚೆ, 2021ರ ಅಕ್ಟೋಬರ್‌ನಲ್ಲಿ, ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಟೇಬಲ್‌ಗಳು ಮತ್ತೆ ತೆರೆದವು. ನಾನು ಆಡುತ್ತಿದ್ದದ್ದು ಒಂದು-ಎರಡು ರೂಪಾಯಿ ಬ್ಲೈಂಡಿನ ಟೇಬಲ್. ನೂರು ಬಿಗ್ ಬ್ಲೈಂಡ್ ಅಂದರೆ 200 ರೂಪಾಯಿ. ಮಸಾಲೆ ದೋಸೆ, ಕಾಫಿ, ಆಟೋ ಸೇರಿದರೆ ಮುಗಿಯುವ ದುಡ್ಡು. ಅದಕ್ಕಿಂತ ಮೇಲಕ್ಕೆ ಹೋಗುವ ಆಸೆ ಇರಲಿಲ್ಲ. ಲೆಕ್ಕ ಬಿಡಿಸುವ ಹುಚ್ಚು ಮಾತ್ರ ಇತ್ತು.

ಆರು ಜನರ ಆಟದ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: ಲೂಸ್ ಆಗಿ ಆಡು, ಜಾಸ್ತಿ ಹ್ಯಾಂಡ್ ಆಡು. ಸರಿ, ಎಷ್ಟು ಜಾಸ್ತಿ? ಎಲ್ಲಿ ಕೂತಾಗ ಜಾಸ್ತಿ? ಅದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಯಾವ ಕುರ್ಚಿಯಲ್ಲಿ ಯಾವ ಎರಡೆಲೆ ಬಂದರೆ ಆಡಬೇಕು ಅನ್ನುವ ಒಂದು ಚಾರ್ಟ್ ನಾನೇ ಬರೆಯಲು ಕೂತೆ. ಸಿದ್ಧ ಚಾರ್ಟ್‌ಗಳು ಬೇಕಾದಷ್ಟು ಸಿಗುತ್ತವೆ ಅನ್ನುವುದು ಗೊತ್ತಿತ್ತು. ಆದರೆ ಇಳಿಸಿಕೊಂಡ ಚಾರ್ಟ್‌ನಲ್ಲಿ ಈ ಎಲೆ ಇಲ್ಲಿ ಏಕಿದೆ ಅನ್ನುವುದು ಗೊತ್ತಾಗುವುದಿಲ್ಲ. ಎದುರಿನವರು ಬೇರೆ ಥರ ಆಡಿದ ದಿನ ಯಾವುದನ್ನು ತೆಗೆಯಬೇಕು, ಯಾವುದನ್ನು ಸೇರಿಸಬೇಕು ಅನ್ನುವುದೂ ಗೊತ್ತಾಗುವುದಿಲ್ಲ.

ಮೊದಲು ಹಿಡಿದದ್ದು ಒಂದು ಸಣ್ಣ ಲೆಕ್ಕ. ನನ್ನ ನಂತರ ಆಡುವವರಲ್ಲಿ ಒಬ್ಬರಿಗಾದರೂ ಭಾರಿ ಎಲೆ ಬಂದಿರುವ ಸಾಧ್ಯತೆ ಎಷ್ಟು? ಭಾರಿ ಎಲೆ ಅಂದರೆ ಎಕ್ಕದ ಜೋಡಿ, ರಾಜನ ಜೋಡಿ, ರಾಣಿ ಜೋಡಿ, ಇಲ್ಲವೇ ಎಕ್ಕ-ರಾಜ ಅಂದುಕೊಳ್ಳಿ. 52 ಎಲೆಗಳಿಂದ ಎರಡೆಲೆ ಎತ್ತಿದರೆ ಒಟ್ಟು 1326 ಜೋಡಣೆ. ಅದರಲ್ಲಿ ಈ ಭಾರಿ ಎಲೆಗಳು 34. ಒಬ್ಬನಿಗೆ ಬಂದಿರುವ ಸಾಧ್ಯತೆ ಎರಡೂವರೆ ಪರ್ಸೆಂಟ್. ಬಟನ್‌ನಲ್ಲಿ, ಅಂದರೆ ಎಲೆ ಹಂಚುವವನ ಕುರ್ಚಿಯಲ್ಲಿ, ಕೂತಾಗ ನನ್ನ ನಂತರ ಬ್ಲೈಂಡ್ ಹಾಕಿದ ಇಬ್ಬರೇ. ಸುಮಾರು 5 ಪರ್ಸೆಂಟ್. ಅದಕ್ಕೆ ಒಂದು ಕುರ್ಚಿ ಹಿಂದಿನ ಕಟಾಫ್‌ನಲ್ಲಿ ಏಳೂವರೆ, ಇನ್ನೊಂದು ಹಿಂದಿನ ಹೈಜಾಕ್‌ನಲ್ಲಿ ಹತ್ತು. ಎಲ್ಲರಿಗಿಂತ ಮೊದಲು ಆಡುವ ಯುಟಿಜಿ ಕುರ್ಚಿಯಲ್ಲಿ 12. ಒಂಬತ್ತು ಜನರ ಟೇಬಲ್‌ನ ಯುಟಿಜಿಯಲ್ಲಿ ಇದೇ ಸಂಖ್ಯೆ 19ರ ಹತ್ತಿರ ಹೋಗುತ್ತದೆ.

ಇದನ್ನು ಬರೆದುಕೊಂಡಾಗ ಒಂದು ವಿಷಯ ಸ್ಪಷ್ಟ ಆಯ್ತು. ಆರು ಜನರ ಆಟ ಬೇರೆ ಆಟವೇನೂ ಅಲ್ಲ. ಒಂಬತ್ತರ ಟೇಬಲ್‌ನಲ್ಲಿ ಮೊದಲ ಮೂವರು ಫೋಲ್ಡ್ ಮಾಡಿದ (ಎಲೆ ಎಸೆದ) ಮೇಲೆ ನಾಲ್ಕನೆಯವನು ಎಲ್ಲಿರುತ್ತಾನೋ, ಆರರ ಟೇಬಲ್‌ನ ಯುಟಿಜಿ ಹೆಚ್ಚುಕಮ್ಮಿ ಅಲ್ಲೇ ಇರುತ್ತಾನೆ. ಅಷ್ಟೇ. ಹಾಗಾದರೆ ಯುಟಿಜಿಯಲ್ಲಿ ಲೂಸ್ ಆಗಿ ಆಡು ಅನ್ನುವ ಮಾತಿಗೆ ಅರ್ಥ ಇಲ್ಲ. ಜಾಸ್ತಿ ಆಡುವುದು ಏಕೆಂದರೆ ಬಟನ್ ಮತ್ತು ಬ್ಲೈಂಡ್‌ಗಳು ಬೇಗ ಬೇಗ ಸುತ್ತಿ ಬರುತ್ತವೆ. ಒಳ್ಳೆಯ ಕುರ್ಚಿ ಪದೇ ಪದೇ ಸಿಗುತ್ತದೆ.

ಮಂಗಳೂರಿನ ಗೆಳೆಯನೊಬ್ಬ ನನಗಿಂತ ಮುಂಚಿನಿಂದ ಆಡುತ್ತಿದ್ದ. ನಾನು ಯುಟಿಜಿಯಿಂದ ಚಾರ್ಟ್ ಶುರು ಮಾಡಿದ್ದನ್ನು ನೋಡಿ ನಕ್ಕ.

“ಮೊದಲು ಬಟನ್ ಬರೆ ಮಾರಾಯ. ಯುಟಿಜಿ ಆಮೇಲೆ ನೋಡುವ.”

“ಯಾಕೋ? ಆಡುವ ಕ್ರಮದಲ್ಲೇ ಬರೆದರೆ ಸುಲಭ ಅಲ್ವಾ?”

“ದುಡ್ಡು ಬರುವುದು ಬಟನ್‌ನಲ್ಲಿ. ಅಲ್ಲಿಂದ ಒಂದೊಂದು ಕುರ್ಚಿ ಹಿಂದೆ ಹೋಗುವಾಗ ಯಾವುದನ್ನು ಬಿಡಬೇಕು ಅಂತ ನೋಡು. ಸೇರಿಸುವುದಕ್ಕಿಂತ ಬಿಡುವುದು ಸುಲಭ.”

ಅವನು ಹೇಳಿದ್ದು ಸರಿ ಇತ್ತು. ಬಟನ್‌ನವನು ಫ್ಲಾಪ್ (ಎಲ್ಲರಿಗೂ ಸೇರಿ ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆ) ಆದ ಮೇಲೆ ಎಲ್ಲರಿಗಿಂತ ಕೊನೆಗೆ ಆಡುತ್ತಾನೆ. ಎದುರಿನವನು ಚೆಕ್ ಮಾಡಿದನೋ (ದುಡ್ಡು ಹಾಕದೆ ಬಿಟ್ಟನೋ), ಬೆಟ್ ಮಾಡಿದನೋ (ದುಡ್ಡು ಹಾಕಿದನೋ) ನೋಡಿಕೊಂಡೇ ನಿರ್ಧಾರ ಮಾಡಬಹುದು. ಅದೇ ಎಲೆ, ಅದೇ ಎದುರಾಳಿ, ಆದರೂ ಗಳಿಕೆ ಬೇರೆ.

ಚಾರ್ಟ್ ಬರೆಯುವ ರೀತಿ ಪೋಕರ್ ಆಡುವವರಿಗೆಲ್ಲ ಗೊತ್ತು. ಹದಿಮೂರು ಸಾಲು, ಹದಿಮೂರು ಕಾಲಂ, ಒಟ್ಟು 169 ಚೌಕ. ಕರ್ಣದ ಗುಂಟ ಜೋಡಿಗಳು, ಮೇಲೆ ಸೂಟೆಡ್, ಕೆಳಗೆ ಆಫ್‌ಸೂಟ್. ಸೂಟೆಡ್ ಅಂದರೆ ಎರಡೂ ಒಂದೇ ಗುರುತು, ಇಸ್ಪೀಟಿನ ಎಕ್ಕ ಇಸ್ಪೀಟಿನ ಐದು ಥರ. ಈ ಚೌಕಗಳು ಕಣ್ಣಿಗೆ ಒಂದೇ ಅಳತೆ. ಮೋಸ ಇರುವುದೇ ಅಲ್ಲಿ. ಒಂದು ಜೋಡಿಯ ಚೌಕದಲ್ಲಿ 6 ಜೋಡಣೆ, ಸೂಟೆಡ್ ಚೌಕದಲ್ಲಿ 4, ಆಫ್‌ಸೂಟ್ ಚೌಕದಲ್ಲಿ 12. ಒಂದು ಆಫ್‌ಸೂಟ್ ಚೌಕಕ್ಕೆ ಬಣ್ಣ ಹಚ್ಚಿದರೆ ಮೂರು ಸೂಟೆಡ್ ಚೌಕಕ್ಕೆ ಹಚ್ಚಿದಷ್ಟು ಭಾರ. ಎಕ್ಕ-ಎರಡರಿಂದ ಎಕ್ಕ-ಒಂಬತ್ತರವರೆಗೆ ಸೂಟೆಡ್ ಎಲ್ಲ ಸೇರಿಸಿದರೂ 32 ಜೋಡಣೆ, ಎರಡೂವರೆ ಪರ್ಸೆಂಟ್ ಕೂಡ ಇಲ್ಲ. ಅದೇ ಎಂಟು ಚೌಕ ಆಫ್‌ಸೂಟ್ ಆದರೆ 96, ಏಳು ಪರ್ಸೆಂಟ್ ದಾಟುತ್ತದೆ.

ಬಟನ್‌ಗೆ ನಾನು ಕೊನೆಗೆ ಉಳಿಸಿಕೊಂಡದ್ದು 570 ಜೋಡಣೆ, ಅಂದರೆ 43 ಪರ್ಸೆಂಟ್. ಎಲ್ಲ ಜೋಡಿಗಳು. ಎಲ್ಲ ಸೂಟೆಡ್ ಎಕ್ಕ, ಎಲ್ಲ ಸೂಟೆಡ್ ರಾಜ. 5-4 ಸೂಟೆಡ್‌ವರೆಗೆ ಇಳಿಯುವ ಅಕ್ಕಪಕ್ಕದ ಎಲೆಗಳು. ಆಫ್‌ಸೂಟ್‌ನಲ್ಲಿ ಎಲ್ಲ ಎಕ್ಕ, ರಾಜ-ಎಂಟರಿಂದ ಮೇಲೆ, ರಾಣಿ-ಒಂಬತ್ತು, ಗುಲಾಮ-ಒಂಬತ್ತು, 10-9, 9-8. ಸಾಲ್ವರ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗಳು ರೇಕ್ (ಸೈಟ್‌ನವರ ಪಾಲು) ಎಷ್ಟು, ರೇಸ್ (ಬೆಟ್ ಏರಿಸುವುದು) ಎಷ್ಟು ಅನ್ನುವುದರ ಮೇಲೆ ಇದಕ್ಕಿಂತ ಸ್ವಲ್ಪ ಆಚೀಚೆ ತೋರಿಸುತ್ತವೆ. ಇನ್ನೂ ಅಗಲ ಮಾಡಬಹುದು ಅನ್ನಿಸಿದರೂ ನಾನು ಮಾಡಲಿಲ್ಲ. ಕಾರಣ ಹೇಳುತ್ತೇನೆ.

ಬ್ಲೈಂಡ್ ಕದಿಯುವುದು ಅಂತ ಒಂದು ಮಾತಿದೆ. ಎರಡೂವರೆ ಬಿಗ್ ಬ್ಲೈಂಡ್ ರೇಸ್ ಮಾಡಿ ಪಾಟ್‌ನಲ್ಲಿರುವ (ಮೇಜಿನ ಮಧ್ಯದ ರಾಶಿಯಲ್ಲಿರುವ) ಒಂದೂವರೆ ಗೆಲ್ಲಬೇಕು. ಎಲೆ ಯಾವುದೇ ಇರಲಿ, ಬರೀ ಕದಿಯುವುದರಿಂದಲೇ ಲಾಭ ಆಗಬೇಕಾದರೆ ನೂರಕ್ಕೆ 62ಕ್ಕಿಂತ ಜಾಸ್ತಿ ಸಲ ಇಬ್ಬರೂ ಫೋಲ್ಡ್ ಮಾಡಬೇಕು. ಅಂದರೆ ಒಬ್ಬೊಬ್ಬರೂ ನೂರಕ್ಕೆ 79 ಸಲ ಎಸೆಯಬೇಕು. ಎರಡು ರೂಪಾಯಿಯ ಬಿಗ್ ಬ್ಲೈಂಡ್‌ನಲ್ಲಿ ಕೂತವನು ಅಷ್ಟು ಸಲ ಎಸೆಯುತ್ತಾನಾ? ನಾನಂತೂ ಕಾಣಲಿಲ್ಲ. ಮೂರು ರೂಪಾಯಿ ಸೇರಿಸಿದರೆ ಫ್ಲಾಪ್ ನೋಡಬಹುದು ಅಂದಾಗ ಬಿಡುವವರು ಕಡಿಮೆ. ಹಾಗಾಗಿ ರಾಣಿ-ಆರು ಆಫ್‌ಸೂಟ್ ಥರದ, ಕದಿಯಲಿಕ್ಕೆ ಮಾತ್ರ ಲಾಯಕ್ಕಾದ ಎಲೆಗಳನ್ನು ತೆಗೆದೆ. ಕಾಲ್ ಬಂದ ಮೇಲೂ, ಅಂದರೆ ಎದುರಿನವನು ಅಷ್ಟೇ ದುಡ್ಡು ಹಾಕಿ ಉಳಿದ ಮೇಲೂ, ಆಡಲು ಬರುವಂಥವನ್ನು ಉಳಿಸಿದೆ.

ಹೈಜಾಕ್ 18, ಕಟಾಫ್ 27 ಪರ್ಸೆಂಟ್‌ಗೆ ನಿಂತವು. ಅವುಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಎರಡೂ ನಡುವಿನವು, ನಡುವಿನವರ ಥರವೇ ಇರುತ್ತವೆ. ಕಟಾಫ್‌ನಲ್ಲಿ ಒಂದೇ ಎಚ್ಚರಿಕೆ: ನಂತರದ ಬಟನ್ ಕುರ್ಚಿಯಲ್ಲಿ ಎಲ್ಲದಕ್ಕೂ ರೀರೇಸ್ ಮಾಡುವವನು (ರೇಸ್ ಮೇಲೆ ಮತ್ತೆ ಏರಿಸುವವನು) ಕೂತಿದ್ದರೆ ನನ್ನ 27 ಆ ದಿನ 22 ಆಗುತ್ತಿತ್ತು.

ಯುಟಿಜಿಗೆ ಬಂದಾಗ ನಿಜವಾದ ಜಗ್ಗಾಟ. ನನ್ನ ಪಟ್ಟಿ ಹೀಗಿತ್ತು: ಐದರ ಜೋಡಿಯಿಂದ ಮೇಲೆ, ಎಲ್ಲ ಸೂಟೆಡ್ ಎಕ್ಕ, ಸೂಟೆಡ್‌ನಲ್ಲಿ ರಾಜ-ಹತ್ತು, ರಾಣಿ-ಹತ್ತರಿಂದ ಮೇಲಿನವು, ಗುಲಾಮ-ಹತ್ತು, 10-9. ಆಫ್‌ಸೂಟ್‌ನಲ್ಲಿ ಎಕ್ಕ-ರಾಜ, ಎಕ್ಕ-ರಾಣಿ, ಎಕ್ಕ-ಗುಲಾಮ, ರಾಜ-ರಾಣಿ, ಅಷ್ಟೇ ನಾಲ್ಕು. ಒಟ್ಟು 184 ಜೋಡಣೆ, 14 ಪರ್ಸೆಂಟ್.

ರಾಜ-ಗುಲಾಮ ಆಫ್‌ಸೂಟ್ ಯಾಕಿಲ್ಲ ಅಂತ ಗೆಳೆಯ ಕೇಳಿದ. ಸಾಲ್ವರ್‌ಗಳೇ ಅದನ್ನು ಗಡಿಯ ಮೇಲಿಡುತ್ತವೆ, ನಿಜ. ಆದರೆ ನಮ್ಮ ಟೇಬಲ್‌ನಲ್ಲಿ ಯುಟಿಜಿ ರೇಸ್‌ಗೆ ಕಾಲ್ ಮಾಡುವವರ ಕೈಯಲ್ಲಿ ಏನಿರುತ್ತದೆ? ಎಕ್ಕ-ರಾಜ ಇದ್ದರೂ ರೀರೇಸ್ ಮಾಡದೆ ಸುಮ್ನೆ ಕಾಲ್ ಮಾಡುವವರೇ ಜಾಸ್ತಿ. ಎಕ್ಕ-ಗುಲಾಮ ಇರುತ್ತದೆ, ರಾಜ-ರಾಣಿ ಇರುತ್ತದೆ. ಇವುಗಳ ಎದುರು ರಾಜ-ಗುಲಾಮ ಗೆಲ್ಲುವುದು ನಾಲ್ಕರಲ್ಲಿ ಒಂದು ಸಲದಷ್ಟು. ಅದಕ್ಕಿಂತ ಕೆಟ್ಟದ್ದು ಫ್ಲಾಪ್‌ನಲ್ಲಿ ರಾಜ ಬಂದಾಗ. ಜೋಡಿ ಆಯ್ತು ಅಂತ ಖುಷಿಪಟ್ಟು ದುಡ್ಡು ಹಾಕುತ್ತೇವೆ, ಎದುರಿನವನ ರಾಜನ ಪಕ್ಕದಲ್ಲಿ ಎಕ್ಕ ಇರುತ್ತದೆ. ಮೂರು ಸುತ್ತು ದುಡ್ಡು ಕೊಟ್ಟು ಕೊನೆಗೆ ತಿಳಿದುಕೊಳ್ಳುವುದು. ಇದೇ ಎಲೆಯನ್ನು ಕಟಾಫ್‌ನಲ್ಲಿ, ಬಟನ್‌ನಲ್ಲಿ ಕಣ್ಣುಮುಚ್ಚಿ ರೇಸ್ ಮಾಡುತ್ತಿದ್ದೆ.

ಎಕ್ಕ-ಏಳು ಆಫ್‌ಸೂಟ್ ಇನ್ನೊಂದು. ಯುಗಾದಿ ಹೊಸತೊಡಕಿಗೆ ಊರಲ್ಲಿ ಮೂರೆಲೆ ಆಡಿ ಬೆಳೆದವರಿಗೆ ಎಕ್ಕ ಕಂಡರೆ ಬಿಡಲು ಮನಸ್ಸು ಬರುವುದಿಲ್ಲ. ಮೂರೆಲೆಯಲ್ಲಿ ಕೈಗೆ ಬಂದದ್ದೇ ಕೊನೆ, ಎಕ್ಕ ದೊಡ್ಡದು ಅಂದರೆ ದೊಡ್ಡದು. ಇಲ್ಲಿ ಇನ್ನೂ ಐದು ಎಲೆ ಬರಬೇಕು. ಎಕ್ಕದ ಪಕ್ಕದಲ್ಲಿರುವ ಏಳು ಆಗ ಭಾರ ಆಗುತ್ತದೆ. ಎಕ್ಕ-ಐದು ಸೂಟೆಡ್ ಇದಕ್ಕಿಂತ ಚೆನ್ನಾಗಿ ಆಡುತ್ತದೆ ಅಂದರೆ ಹೊಸಬರು ನಂಬುವುದಿಲ್ಲ. ಅದಕ್ಕೆ ಎಕ್ಕದ ಫ್ಲಶ್ (ಒಂದೇ ಗುರುತಿನ ಐದು ಎಲೆ) ಆಗುವ ದಾರಿ ಇದೆ, ಎಕ್ಕದಿಂದ ಐದರವರೆಗಿನ ಸ್ಟ್ರೇಟ್‌ನ (ಸಾಲಾಗಿ ಬರುವ ಐದು ಎಲೆಯ) ದಾರಿಯೂ ಇದೆ.

ಎಲ್ಲ ಬರೆದ ಮೇಲೆ ಬಟನ್ ಮತ್ತು ಯುಟಿಜಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಎಣಿಸಿದೆ. ನನಗೆ ಈ ಇಡೀ ಕೆಲಸದಲ್ಲಿ ಸಿಕ್ಕ ಒಳ್ಳೆಯ ಸಂಗತಿ ಇದೇ. ಜೋಡಿಗಳು 60ರಿಂದ 78ಕ್ಕೆ ಹೋಗಿದ್ದವು. ಸೂಟೆಡ್ 76ರಿಂದ 204ಕ್ಕೆ. ಆಫ್‌ಸೂಟ್ ಮಾತ್ರ 48ರಿಂದ 288ಕ್ಕೆ, ಆರು ಪಟ್ಟು. ಯುಟಿಜಿಯಲ್ಲಿ ನಾನು ಆಡುವುದರಲ್ಲಿ ಆಫ್‌ಸೂಟ್ ಕಾಲು ಭಾಗ, ಬಟನ್‌ನಲ್ಲಿ ಅರ್ಧ ಭಾಗ. ಕುರ್ಚಿ ಬದಲಾದಂತೆ ಬದಲಾಗುವುದು ಮುಖ್ಯವಾಗಿ ಆಫ್‌ಸೂಟ್ ಎಲೆಗಳೇ. ಐದರಿಂದ ಮೇಲಿನ ಜೋಡಿ ಮತ್ತು ಸೂಟೆಡ್ ದೊಡ್ಡೆಲೆಗಳನ್ನು ಎಲ್ಲಿ ಬೇಕಾದರೂ ಆಡಬಹುದು, ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಇದಾದ ಮೇಲೆ ಚಾರ್ಟ್ ಬಾಯಿಪಾಠ ಮಾಡುವುದು ಬಿಟ್ಟೆ. ಯಾವ ಕುರ್ಚಿಯಲ್ಲಿ ಯಾವ ಆಫ್‌ಸೂಟ್‌ವರೆಗೆ ಇಳಿಯಬೇಕು ಅನ್ನುವುದನ್ನು ಮಾತ್ರ ನೆನಪಿಟ್ಟುಕೊಂಡೆ. ಉಳಿದದ್ದು ತಾನಾಗಿ ಬರುತ್ತಿತ್ತು.

ಸಣ್ಣ ಜೋಡಿಗಳ ವಿಷಯಕ್ಕೆ ಬೇರೆಯೇ ಲೆಕ್ಕ ಬೇಕಾಯ್ತು. ಎರಡರ ಜೋಡಿ, ಮೂರರ ಜೋಡಿ ಹಿಡಿದವನು ಫ್ಲಾಪ್‌ನಲ್ಲಿ ಸೆಟ್ ಆಗಲಿ, ಅಂದರೆ ಅದೇ ಅಂಕೆಯ ಮೂರನೇ ಎಲೆ ಬರಲಿ, ಅಂತ ಕಾಯುತ್ತಾನೆ. ಅದು ಆಗುವುದು ನೂರಕ್ಕೆ ಸುಮಾರು 12 ಸಲ. ಆದಾಗ ಎದುರಿನವನು ದೊಡ್ಡ ದುಡ್ಡು ಕೊಟ್ಟರೆ ಮಾತ್ರ ಉಳಿದ 88 ಸಲದ ನಷ್ಟ ತುಂಬುತ್ತದೆ. ರೇಸ್ ಮಾಡಿದವನು ಯುಟಿಜಿಯಲ್ಲಿದ್ದರೆ ಅವನ ಹತ್ತಿರ ರಾಜನ ಜೋಡಿಯೋ ಎಕ್ಕ-ರಾಣಿಯೋ ಇರಬಹುದು, ಕೊಡುತ್ತಾನೆ. ಬಟನ್‌ನವನ ಹತ್ತಿರ 43 ಪರ್ಸೆಂಟ್ ಎಲೆಗಳಿವೆ. ಬಹಳ ಸಲ ಅವನಿಗೆ ಫ್ಲಾಪ್‌ನಲ್ಲಿ ಏನೂ ಬಂದಿರುವುದಿಲ್ಲ. ನನಗೆ ಸೆಟ್ ಆದರೂ ಅವನು ಒಂದು ಬೆಟ್ ಮಾಡಿ ಎದ್ದು ಹೋಗುತ್ತಾನೆ. ಹಾಗಾಗಿ ಸಣ್ಣ ಜೋಡಿಯಿಂದ ಕಾಲ್ ಮಾಡುವುದು ಬಿಗಿಯಾದವನ ಎದುರು ಹೆಚ್ಚು ಲಾಭ, ಸಡಿಲವಾದವನ ಎದುರು ಕಡಿಮೆ. ಮೊದಲಿಗೆ ಉಲ್ಟಾ ಅನ್ನಿಸುತ್ತದೆ.

ಸ್ಮಾಲ್ ಬ್ಲೈಂಡ್ ನನಗೆ ಇವತ್ತಿಗೂ ಇಷ್ಟವಿಲ್ಲದ ಕುರ್ಚಿ. ಎಲ್ಲರೂ ಫೋಲ್ಡ್ ಮಾಡಿ ಬಂದಾಗ ಎದುರಿಗೆ ಒಬ್ಬನೇ, ಆ ಲೆಕ್ಕದಲ್ಲಿ ಬಟನ್‌ಗಿಂತ ಚೆಂದ. ಆದರೆ ಫ್ಲಾಪ್ ಆದ ಮೇಲೆ ಪ್ರತಿ ಸಲವೂ ನಾನೇ ಮೊದಲು ಆಡಬೇಕು. ಬಿಗ್ ಬ್ಲೈಂಡ್‌ನವನು ನೋಡಿಕೊಂಡು ಆಡುತ್ತಾನೆ. ಒಂದು ರೂಪಾಯಿ ಹೇಗೂ ಹಾಕಿದ್ದೇನೆ, ಇನ್ನೊಂದು ಹಾಕಿ ನೋಡೋಣ ಅನ್ನುವ ಆಸೆ ಕೈ ಎಳೆಯುತ್ತದೆ. ನಾನು ಮಾಡಿಕೊಂಡ ನಿಯಮ: ಮೂರು ಬಿಗ್ ಬ್ಲೈಂಡ್ ರೇಸ್, ಇಲ್ಲವೇ ಫೋಲ್ಡ್. ಅರ್ಧಂಬರ್ಧ ಕಾಲ್ ಇಲ್ಲ. ಸಾಲ್ವರ್‌ಗಳು ಇಲ್ಲಿ ಬೆರಕೆ ಆಟ ತೋರಿಸುತ್ತವೆ, ಕಾಲ್ ಕೂಡ ಮಾಡುತ್ತವೆ. ಒಂದು ರೂಪಾಯಿ ಟೇಬಲ್‌ಗೆ ಅಷ್ಟು ಸೂಕ್ಷ್ಮ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಿಗ್ ಬ್ಲೈಂಡ್‌ನಲ್ಲಿ ಬಟನ್‌ನ ಎರಡೂವರೆ ರೇಸ್ ಎದುರಿಸುವಾಗ ಒಂದೂವರೆ ಕೊಟ್ಟು ಐದೂವರೆಯ ಪಾಟ್‌ಗೆ ಸೇರುತ್ತೇವೆ. ನೂರಕ್ಕೆ 27 ಸಲ ಗೆದ್ದರೆ ಸಾಕು. ಕಾಗದದ ಮೇಲೆ ಹೆಚ್ಚುಕಮ್ಮಿ ಎಲ್ಲ ಎಲೆಗಳಿಗೂ ಅಷ್ಟು ಬಲ ಇದೆ. ಆದರೆ ಆ ಬಲ ಕೊನೆಯ ಎಲೆವರೆಗೂ ಉಳಿದರೆ ತಾನೇ? ಮಧ್ಯದಲ್ಲಿ ಬೆಟ್ ಬರುತ್ತದೆ, ಎಸೆಯಬೇಕಾಗುತ್ತದೆ. ಜೊತೆಗೆ ಸೈಟ್‌ನವರ ಪಾಲು, ರೇಕ್. ಪಾಟ್‌ನ ಐದು ಪರ್ಸೆಂಟ್ ಅಂತ ಹಿಡಿದರೆ 11 ರೂಪಾಯಿ ಪಾಟ್‌ನಲ್ಲಿ 55 ಪೈಸೆ ಹೋಯ್ತು. 27 ಇದ್ದದ್ದು 29ರ ಹತ್ತಿರ ಬಂತು. ಸಾಮಾನ್ಯವಾಗಿ ಫ್ಲಾಪ್ ಬರದೆ ಮುಗಿದ ಹ್ಯಾಂಡ್‌ನಲ್ಲಿ ರೇಕ್ ಇಲ್ಲ. ಹಾಗಾಗಿ ಸಣ್ಣ ಟೇಬಲ್‌ನಲ್ಲಿ ಕಾಲ್‌ಗಿಂತ ರೀರೇಸ್‌ಗೆ ಬೆಲೆ ಜಾಸ್ತಿ. ಬಟನ್‌ನ ಎದುರು ಎಕ್ಕ-ಐದು ಸೂಟೆಡ್‌ನಿಂದ ರೀರೇಸ್ ಮಾಡುತ್ತಿದ್ದೆ. ನನ್ನ ಕೈಯಲ್ಲಿ ಒಂದು ಎಕ್ಕ ಇದ್ದರೆ ಎದುರಿನವನಿಗೆ ಎಕ್ಕದ ಜೋಡಿ ಬರುವ 6 ದಾರಿಗಳಲ್ಲಿ 3 ಮುಚ್ಚಿಹೋಗುತ್ತವೆ, ಎಕ್ಕ-ರಾಜದ 16 ದಾರಿ 12ಕ್ಕೆ ಇಳಿಯುತ್ತವೆ. ಅವನು ಫೋಲ್ಡ್ ಮಾಡುವ ಸಾಧ್ಯತೆ ಅಷ್ಟು ಹೆಚ್ಚು. ಎಂದೂ ಫೋಲ್ಡ್ ಮಾಡದವನ ಎದುರು ಇದನ್ನು ಮಾಡುವುದು ದಂಡ. ಅವನ ಎದುರು ದೊಡ್ಡ ಎಲೆಯಿಂದ ಮಾತ್ರ ರೀರೇಸ್.

ತೆರಿಗೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಹ್ಯಾಂಡ್ ಆಯ್ಕೆಯ ಲೆಕ್ಕವನ್ನೆಲ್ಲ ಅದು ನುಂಗುತ್ತಿತ್ತು. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ 30 ಪರ್ಸೆಂಟ್ ಟಿಡಿಎಸ್, ಅಕ್ಟೋಬರ್‌ನಿಂದ ಹಾಕುವ ದುಡ್ಡಿನ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು. ನೂರು ಹ್ಯಾಂಡ್‌ಗೆ ಎರಡು-ಮೂರು ಬಿಗ್ ಬ್ಲೈಂಡ್ ಗೆಲ್ಲುವುದೇ ಒಳ್ಳೆಯ ಆಟಗಾರನ ಲಕ್ಷಣ ಅನ್ನುವ ಜಾಗದಲ್ಲಿ ಇದೆಲ್ಲ ಕಟ್ಟಿ ಮಿಗಿಸುವುದು ಬಲು ಕಷ್ಟ ಇತ್ತು. ಪೋಕರ್‌ನಿಂದ ಸಂಪಾದನೆ ಅನ್ನುವ ಜಾಹೀರಾತುಗಳು ಈ ಗುಣಾಕಾರ ತೋರಿಸುತ್ತಿರಲಿಲ್ಲ.

ಟೇಬಲ್‌ನಿಂದ ಒಬ್ಬಿಬ್ಬರು ಎದ್ದು ಹೋದಾಗ ಏನು ಮಾಡಬೇಕು ಅನ್ನುವುದಕ್ಕೆ ಬಟನ್‌ನಿಂದ ಬರೆದ ಚಾರ್ಟ್ ತಾನೇ ಉತ್ತರ ಕೊಟ್ಟಿತು. ಐದು ಜನ ಉಳಿದರೆ ಯುಟಿಜಿ ಹಾಳೆ ಮಡಚಿಡುವುದು. ನಾಲ್ಕಾದರೆ ಹೈಜಾಕ್ ಹಾಳೆಯೂ ಬೇಡ. ಮೂರು ಜನ ಉಳಿದರೆ ಬಟನ್ ಮತ್ತು ಎರಡು ಬ್ಲೈಂಡ್ ಅಷ್ಟೇ. ಹಾಳೆ ಅದೇ, ಆದರೆ ಸುಮ್ನೆ ಕೂರುವ ಖರ್ಚು ನೂರು ಹ್ಯಾಂಡ್‌ಗೆ 50 ಬಿಗ್ ಬ್ಲೈಂಡ್ ಆಗಿರುತ್ತದೆ. ಯುಟಿಜಿಯಿಂದ ಬರೆದಿದ್ದರೆ ಪ್ರತಿ ಸಲ ಯಾರು ಎಲ್ಲಿ ಅಂತ ಎಣಿಸುತ್ತಾ ಕೂರಬೇಕಿತ್ತು. ಮಂಗಳೂರಿನವನಿಗೆ ಇದನ್ನು ಹೇಳಿದಾಗ, “ನಾನು ಹೇಳಿದ್ದೆ ಅಲ್ಲವಾ ಮಾರಾಯ” ಅಂದ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. ದುಡ್ಡಿನ ಆನ್‌ಲೈನ್ ಟೇಬಲ್‌ಗಳು ದೇಶದಲ್ಲೆಲ್ಲ ಮುಚ್ಚಿದವು. ಈಗ ಐದಾರು ಗೆಳೆಯರು ಶನಿವಾರ ಸೇರಿ ದುಡ್ಡಿಲ್ಲದೆ ಪ್ಲಾಸ್ಟಿಕ್ ಚಿಪ್ಸ್ ಇಟ್ಟು ಆಡುತ್ತೇವೆ. ಸೋತವನು ಪಾತ್ರೆ ತೊಳೆಯುತ್ತಾನೆ. ಚಿಪ್ಸ್‌ಗೆ ಬೆಲೆ ಇಲ್ಲದ ಕಡೆ ಫೋಲ್ಡ್ ಮಾಡುವವರೂ ಇಲ್ಲ, ರೇಸ್ ಮಾಡಿದರೆ ನಾಲ್ಕು ಜನ ಕಾಲ್ ಮಾಡುತ್ತಾರೆ. ಐದು ಜನರ ಎದುರು ಕೊನೆವರೆಗೂ ಹೋದರೆ ಎಕ್ಕದ ಜೋಡಿಯೇ ಅರ್ಧದಷ್ಟು ಸಲ ಮಾತ್ರ ಗೆಲ್ಲುತ್ತದೆ. ಅಲ್ಲಿ ನನ್ನ ಬಟನ್ ಹಾಳೆಯ 288 ಆಫ್‌ಸೂಟ್‌ಗಳಲ್ಲಿ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಎಕ್ಕ-ನಾಲ್ಕು, ರಾಜ-ಎಂಟು, 9-8 ಆಫ್‌ಸೂಟ್ ಎಲ್ಲ ತೆಗೆದಿದ್ದೇನೆ. ಸೂಟೆಡ್ ಎಕ್ಕ ಮತ್ತು ಸಣ್ಣ ಜೋಡಿ ಯಾವ ಕುರ್ಚಿಯಲ್ಲಿ ಬಂದರೂ ಆಡುತ್ತೇನೆ. ಫ್ಲಶ್ಶೋ ಸೆಟ್ಟೋ ಆದಾಗ ಕೊಡಲು ನಾಲ್ಕು ಜನ ಇರುತ್ತಾರಲ್ಲ.